ಸೈಕಲ್ ಚೈನು: ಸಡಿಲವೋ, ಸವೆತವೋ?



ನಾವು ಏಳನೇ ತರಗತಿಯವರು ಬರುವ ಜೂನ್ ತಿಂಗಳಿಗೆ ಈ ಶಾಲೆ ಬಿಟ್ಟು ಹೈಸ್ಕೂಲಿಗೆ ಹೋಗುವವರು. ಹೈಸ್ಕೂಲು ಇಲ್ಲಿಂದ ಐದು ಕಿಲೋಮೀಟರ್. ಬೆಳಿಗ್ಗೆ ಬರುವ ಬಸ್ಸು ಒಂದೇ, ಅದೂ ತುಂಬಿಕೊಂಡು ಬರುತ್ತೆ. ಹಾಗಾಗಿ ನಮ್ಮಲ್ಲಿ ಬಹಳ ಜನ ಸೈಕಲ್ಲನ್ನೇ ನಂಬಿಕೊಂಡಿದ್ದೀವಿ. ಕೆಲವರಿಗೆ ಅಪ್ಪನ ಸೈಕಲ್ಲು, ಕೆಲವರಿಗೆ ಅಣ್ಣ ಅಕ್ಕ ಬಿಟ್ಟ ಸೈಕಲ್ಲು. 2006-07ರಲ್ಲಿ ಶುರುವಾದ ಸರ್ಕಾರದ ಯೋಜನೆಯಲ್ಲಿ ಎಂಟನೇ ತರಗತಿಯವರಿಗೆ ಕೊಟ್ಟಿದ್ದ ಸೈಕಲ್ಲುಗಳೂ ಊರಲ್ಲಿ ಇನ್ನೂ ಓಡಾಡುತ್ತಿವೆ. ಟೈರು, ಬ್ರೇಕಿನ ರಬ್ಬರು ಸವೆದರೆ ಕಣ್ಣಿಗೆ ಕಾಣುತ್ತೆ. ಚೈನು ಸವೆದರೆ ಕಾಣಲ್ಲ. ಅದನ್ನು ಕಂಡುಹಿಡಿಯುವುದು ಹೇಗೆ, ಯಾವ ಸಾಮಾನನ್ನು ಯಾವಾಗ ಬದಲಿಸಬೇಕು ಎಂಬುದೇ ಈ ಲೇಖನ. ಸೈಕಲ್ ಶಾಪಿನ ಮಾವನ ಹತ್ತಿರ ಕೇಳಿ, ನಾನೇ ಅಳೆದು ನೋಡಿ ಬರೆದಿದ್ದೇನೆ.

1. ಭಾಗಗಳು

ಪೆಡಲ್ ಹತ್ತಿರ ಇರುವ ದೊಡ್ಡ ಹಲ್ಲಿನ ಚಕ್ರ ಚೈನ್‌ವೀಲ್. ಹಿಂದಿನ ಗಾಲಿಯಲ್ಲಿರುವ ಚಿಕ್ಕದು ಫ್ರೀವೀಲ್. ಎರಡಕ್ಕೂ ಸುತ್ತಿರುವುದು ಚೈನು. ಈಗಿನ ಸೈಕಲ್ಲಿನ ಬಗೆಯ ಚೈನನ್ನು ಹ್ಯಾನ್ಸ್ ರೆನಾಲ್ಡ್ ಎಂಬುವರು 1880ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿದರು. ಅದರ ಪ್ರತಿ ಕೀಲಿನಲ್ಲೂ ನಡುವೆ ಒಂದು ಪಿನ್ನು, ಪಿನ್ನಿನ ಸುತ್ತ ಬುಷ್ಷು, ಬುಷ್ಷಿನ ಮೇಲೆ ತಿರುಗುವ ರೋಲರು ಇರುತ್ತವೆ. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗೆ ಸರಿಯಾಗಿ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಹಲ್ಲುಗಳನ್ನೂ ಇದೇ ಅಳತೆಗೆ ಹೊಂದುವಂತೆ ಕತ್ತರಿಸಿರುತ್ತಾರೆ.

2. ಚೈನು ಉದ್ದವಾಗುವುದೇಕೆ?

"ಚೈನು ಎಳೆದು ಎಳೆದು ಉದ್ದ ಆಗೈತೆ" ಅಂತ ದೊಡ್ಡವರು ಹೇಳುತ್ತಾರೆ. ಆದರೆ ಕಬ್ಬಿಣದ ಪಟ್ಟಿ ರಬ್ಬರಿನಂತೆ ಹಿಗ್ಗುವುದಿಲ್ಲ. ಚೈನು ಹಲ್ಲಿನ ಮೇಲೆ ಬಾಗುವಾಗ ಮತ್ತು ನೇರವಾಗುವಾಗ ಪಿನ್ನೂ ಬುಷ್ಷೂ ಒಂದಕ್ಕೊಂದು ಉಜ್ಜುತ್ತವೆ. ಮಣ್ಣಿನ ಧೂಳು ಎಣ್ಣೆಯ ಜೊತೆ ಸೇರಿದರೆ ಅದೇ ಸಾಣೆಕಲ್ಲಿನ ಕೆಲಸ ಮಾಡುತ್ತೆ. ಪ್ರತಿ ಕೀಲಿನಲ್ಲೂ ಕೂದಲೆಳೆಗಿಂತ ಹೆಚ್ಚಿಲ್ಲದಷ್ಟು ಸಂದಿ ಬೀಳುತ್ತೆ. ಎಲ್ಲಾ ಕೀಲಿನ ಸಂದಿ ಕೂಡಿದಾಗ ಚೈನು ಉದ್ದವಾಗುತ್ತೆ.

ಆಗ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚಿಗಿಂತ ಜಾಸ್ತಿ. ಹಲ್ಲುಗಳು ಮಾತ್ರ ಹಳೆಯ ಅಳತೆಯಲ್ಲೇ ಇವೆ. ಚೈನು ಹಲ್ಲಿನ ಬುಡದಲ್ಲಿ ಕೂರದೆ ಮೇಲಕ್ಕೆ ಹತ್ತುತ್ತೆ. ಎಲ್ಲಾ ಹಲ್ಲುಗಳು ಹಂಚಿಕೊಳ್ಳಬೇಕಾದ ಭಾರ ಒಂದೆರಡು ಹಲ್ಲಿನ ಮೇಲೆ ಬೀಳುತ್ತೆ. ಹೀಗೆ ಸವೆದ ಚೈನು ಹಲ್ಲನ್ನೂ ತಿನ್ನುತ್ತೆ.

3. ಸಡಿಲ ಬೇರೆ, ಸವೆತ ಬೇರೆ

ಇದು ಬಹಳ ಮುಖ್ಯ. ಚೈನು ಜೋತು ಬಿದ್ದರೆ ನಾವು ಹಿಂದಿನ ಗಾಲಿಯ ನಟ್ಟು ಸಡಿಲ ಮಾಡಿ, ಗಾಲಿಯನ್ನು ಹಿಂದಕ್ಕೆ ಎಳೆದು ಬಿಗಿ ಮಾಡುತ್ತೇವೆ. ಎಳೆಯಲು ಜಾಗವಿಲ್ಲದಿದ್ದರೆ ಒಂದು ಇಂಚಿನಷ್ಟು ಕೊಂಡಿ ತೆಗೆಸುತ್ತೇವೆ. ಚೈನು ಬಿಗಿಯಾಯಿತು, ನಿಜ. ಆದರೆ ಉಳಿದ ಕೀಲುಗಳ ಸವೆತ ಹಾಗೇ ಇದೆ. ಚಡ್ಡಿಯ ಬಟ್ಟೆ ಜೀರ್ಣವಾದಾಗ ಲಾಡಿ ಬಿಗಿದು ಕಟ್ಟಿದಂತೆ ಇದು. ಜಾರುವುದಿಲ್ಲ ಅಂದುಕೊಳ್ಳುತ್ತೇವೆ, ಹರಿಯುವುದು ಬೇರೆ ಕಡೆ.

ಹೋದ ವರ್ಷ ಕೆರೆ ಏರಿ ಹತ್ತುವ ಕಡೆ ನಮ್ಮಕ್ಕ ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದಾಗ ಚೈನು ಹಲ್ಲಿನ ಮೇಲೆ ಹಾರಿತು. ಪೆಡಲ್ ಒಮ್ಮೆಲೇ ಕೆಳಗೆ ಜಾರಿ ಅವಳು ರಸ್ತೆಗೆ ಬಿದ್ದಳು. ಮೊಣಕೈಗೆ ಮೂರು ಹೊಲಿಗೆ ಬಿತ್ತು. ಹಿಂದೆ ಬರುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನವರು ಬ್ರೇಕು ಹಾಕಿದ್ದಕ್ಕೆ ಅಷ್ಟಕ್ಕೇ ಮುಗಿಯಿತು. ಆ ಚೈನಿಗೆ ವಾರದ ಹಿಂದೆಯಷ್ಟೇ ಕೊಂಡಿ ತೆಗೆಸಿ ಬಿಗಿ ಮಾಡಿಸಿದ್ದರು. "ಬಿಗಿ ಇತ್ತಲ್ಲ ಮಾವ, ಯಾಕೆ ಹಾರ್ತು?" ಅಂತ ಕೇಳಿದೆ. ಶಾಪಿನ ಮಾವ ಆ ಫ್ರೀವೀಲನ್ನು ನನ್ನ ಕೈಗೆ ಕೊಟ್ಟು, "ಹಲ್ಲು ಮುಟ್ಟಿ ನೋಡು ಮರಿ" ಅಂದರು. ಹಲ್ಲುಗಳು ಚೂಪಾಗಿ ಒಂದೇ ಕಡೆಗೆ ವಾಲಿದ್ದವು.

4. ಅಳೆಯುವ ವಿಧಾನ

ಬೇಕಾಗುವ ಸಾಮಾನು: ಇಂಚಿನ ಗುರುತುಗಳಿರುವ ಟೇಪು, ಚಿಂದಿ ಬಟ್ಟೆ, ಒಬ್ಬ ಸ್ನೇಹಿತ.

ಚೈನ್ ಕವರ್ ಇದ್ದರೆ ಸ್ಕ್ರೂ ಬಿಚ್ಚಿ ತೆಗೆಯಿರಿ. ಚೈನನ್ನು ಒರೆಸಿ. ಸ್ನೇಹಿತನು ಹಿಂದಿನ ಗಾಲಿ ತಿರುಗದಂತೆ ಹಿಡಿದು ಪೆಡಲನ್ನು ಸ್ವಲ್ಪ ಅದುಮಲಿ. ಆಗ ಮೇಲಿನ ಚೈನು ನೇರವಾಗಿ ನಿಲ್ಲುತ್ತೆ. ಒಂದು ಪಿನ್ನಿನ ನಡುಮಧ್ಯಕ್ಕೆ ಟೇಪಿನ ಸೊನ್ನೆ ಇಡಿ. ಆ ಪಿನ್ನನ್ನು ಎಣಿಸಬೇಡಿ, ಅದರ ಮುಂದಿನದೇ ಒಂದು. ಹೀಗೆ 24ನೇ ಪಿನ್ನಿನ ನಡುಮಧ್ಯದವರೆಗೆ ಅಳೆಯಿರಿ. ಅರ್ಧ ಇಂಚಿನ 24 ಅಂತರ, ಅಂದರೆ ಹೊಸ ಚೈನಿಗೆ ಸರಿಯಾಗಿ 12 ಇಂಚು ಬರಬೇಕು.

ಅ) 12 ಇಂಚಿನ ಮೇಲೆ 1/16 ಇಂಚಿಗಿಂತ ಕಡಿಮೆ ಬಂದರೆ ಚೈನು ಚೆನ್ನಾಗಿದೆ.
ಆ) 1/16 ಇಂಚು (ಸುಮಾರು 1.6 ಮಿ.ಮೀ.) ಹೆಚ್ಚು ಬಂದರೆ ಚೈನು ಬದಲಿಸುವ ಕಾಲ ಬಂತು. ಈಗ ಬದಲಿಸಿದರೆ ಫ್ರೀವೀಲಿನ ಹಲ್ಲು ಸಾಮಾನ್ಯವಾಗಿ ಉಳಿಯುತ್ತೆ.
ಇ) 1/8 ಇಂಚು (ಸುಮಾರು 3.2 ಮಿ.ಮೀ.) ಮುಟ್ಟಿದರೆ ತಡವಾಗಿದೆ. ಬಹಳ ಸಲ ಫ್ರೀವೀಲನ್ನೂ ಬದಲಿಸಬೇಕಾಗುತ್ತೆ.

ನಾವು ಕಲಿತ ಶೇಕಡಾ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತೆ. 12 ಇಂಚಿಗೆ 1/16 ಇಂಚು ಅಂದರೆ ಶೇಕಡಾ ಅರ್ಧದಷ್ಟು ಮಾತ್ರ. 24 ಕೀಲಿಗೆ ಹಂಚಿದರೆ ಒಂದೊಂದು ಕೀಲಿಗೆ 0.07 ಮಿ.ಮೀ. ಕೂಡ ಬರುವುದಿಲ್ಲ. ಅದಕ್ಕೇ ಒಂದು ಕೀಲನ್ನು ನೋಡಿದರೆ ಗೊತ್ತಾಗುವುದಿಲ್ಲ, 24 ಅಳೆಯಬೇಕು.

ನಾನು ಮೂರು ಸೈಕಲ್ ಅಳೆದೆ. ಅಕ್ಕನದು, ಬಿದ್ದ ಮೇಲೆ ಹೊಸ ಚೈನು, ಹೊಸ ಫ್ರೀವೀಲು ಹಾಕಿಸಿದ್ದು, 12 ಇಂಚು. ಅಪ್ಪನದು 12 ಇಂಚು, ಮೇಲೆ 1/16. ಡೇರಿಗೆ ಹಾಲಿನ ಕ್ಯಾನು ಹೊರುವ ಚಿಕ್ಕಪ್ಪನದು 12 ಇಂಚಿನ ಮೇಲೆ 1/8 ದಾಟಿತ್ತು. ಅಪ್ಪನದಕ್ಕೆ ಚೈನು ಒಂದೇ ಸಾಕು. ಚಿಕ್ಕಪ್ಪನದಕ್ಕೆ ಎರಡೂ ಬೇಕು. ಸಮಯಕ್ಕೆ ಬದಲಿಸಿದರೆ ಒಂದು ಸಾಮಾನಿನ ದುಡ್ಡು, ಬಿಟ್ಟರೆ ಎರಡು ಮೂರು ಸಾಮಾನಿನ ದುಡ್ಡು.

ಟೇಪು ಇಲ್ಲದಿದ್ದರೆ ಇನ್ನೊಂದು ಪರೀಕ್ಷೆ ಇದೆ. ಚೈನ್‌ವೀಲಿನ ಮುಂಭಾಗದಲ್ಲಿ ಚೈನನ್ನು ಬೆರಳಿನಿಂದ ಮುಂದಕ್ಕೆ ಎಳೆಯಿರಿ. ಹೊಸದಾದರೆ ಅಲ್ಲಾಡುವುದಿಲ್ಲ. ಅರ್ಧ ಹಲ್ಲು ಹೊರಗೆ ಕಾಣುವಷ್ಟು ಎದ್ದು ಬಂದರೆ ಸವೆದಿದೆ.

ಎಚ್ಚರಿಕೆ: ಗಾಲಿ ತಿರುಗುವಾಗ ಚೈನಿಗೂ ಹಲ್ಲಿಗೂ ನಡುವೆ ಬೆರಳು ಇಡಲೇಬಾರದು.

5. ಹಲ್ಲು ನೋಡುವುದು

ಒಳ್ಳೆಯ ಹಲ್ಲು ಎರಡೂ ಕಡೆ ಒಂದೇ ರೀತಿ ಇಳಿಜಾರಾಗಿರುತ್ತೆ. ಸವೆದ ಹಲ್ಲು ಕುಡುಗೋಲಿನ ತುದಿಯಂತೆ ಒಂದು ಕಡೆ ಬಾಗಿ ಚೂಪಾಗಿರುತ್ತೆ. ಅಂಥ ಫ್ರೀವೀಲಿಗೆ ಹೊಸ ಚೈನು ಹಾಕಿದರೆ ಜೋರಾಗಿ ತುಳಿದಾಗ ಹಾರುತ್ತೆ, ಏಕೆಂದರೆ ಆ ಹಲ್ಲುಗಳು ಹಳೆ ಚೈನಿನ ಅಳತೆಗೆ ಸವೆದಿರುತ್ತವೆ. ಹೊಸ ಫ್ರೀವೀಲಿಗೆ ಹಳೆ ಚೈನು ಹಾಕಿದರೆ ಹೊಸ ಹಲ್ಲು ಬೇಗ ಹಾಳಾಗುತ್ತೆ.

ಚೈನ್‌ವೀಲಿಗಿಂತ ಫ್ರೀವೀಲು ಮೊದಲು ಸವೆಯುತ್ತೆ. ಕಾರಣ ಲೆಕ್ಕದಲ್ಲಿದೆ. ಅಪ್ಪನ ಸೈಕಲ್ಲಿನ ಚೈನ್‌ವೀಲಿಗೆ 48 ಹಲ್ಲು, ಫ್ರೀವೀಲಿಗೆ 18 ಹಲ್ಲು. ಪೆಡಲ್ 3 ಸುತ್ತು ತಿರುಗಿದರೆ 144 ಹಲ್ಲು ದಾಟುತ್ತವೆ. ಅಷ್ಟರಲ್ಲಿ ಫ್ರೀವೀಲು 8 ಸುತ್ತು ತಿರುಗುತ್ತೆ. ಅಂದರೆ ದೊಡ್ಡದರ ಒಂದು ಹಲ್ಲು 3 ಸಲ ದುಡಿದರೆ ಚಿಕ್ಕದರ ಹಲ್ಲು 8 ಸಲ ದುಡಿಯುತ್ತೆ.

6. ಎಲ್ಲಾ ತೊಂದರೆಯೂ ಚೈನಿನದಲ್ಲ

ಪೆಡಲ್ ತುಳಿದರೂ ಗಾಲಿ ತಿರುಗದೆ ಚೈನು ಸುಮ್ಮನೆ ಸುತ್ತುತ್ತಿದ್ದರೆ ಫ್ರೀವೀಲಿನ ಒಳಗಿನ ಚಿಕ್ಕ ಕೊಕ್ಕೆಗಳು ಹಿಡಿಯುತ್ತಿಲ್ಲ. ಮೊದಲು ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆದು ತೆಳು ಎಣ್ಣೆ ಬಿಡಿ. ಆಗಲೂ ಹಿಡಿಯದಿದ್ದರೆ ಫ್ರೀವೀಲು ಬದಲಿಸಿ. ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ "ಟಕ್" ಎಂದರೆ ಪೆಡಲ್ ಕಾಲಿನ ಕಾಟರ್ ಪಿನ್ನು ಸಡಿಲವಾಗಿರಬಹುದು. ಅದನ್ನು ಬೇಗ ನೋಡಿಸಿ. ಇವುಗಳಿಗೆ ಚೈನು ಬದಲಿಸಿದರೆ ದುಡ್ಡು ದಂಡ.

7. ಸವೆತ ಕಡಿಮೆ ಮಾಡಲು

ಧೂಳಿನ ಮೇಲೇ ಎಣ್ಣೆ ಸುರಿಯಬೇಡಿ. ಮೊದಲು ಒರೆಸಿ, ಪ್ರತಿ ರೋಲರಿಗೂ ಒಂದು ಹನಿ ಬಿಡಿ, ಪೆಡಲನ್ನು ಹಿಂದಕ್ಕೆ ತಿರುಗಿಸಿ, ಹೊರಗೆ ಉಳಿದ ಎಣ್ಣೆಯನ್ನು ಮತ್ತೆ ಒರೆಸಿ. ಎಣ್ಣೆ ಬೇಕಾಗಿರುವುದು ಕೀಲಿನ ಒಳಗೆ, ಹೊರಗಲ್ಲ. ಮಳೆಯಲ್ಲಿ ನೆನೆದ ದಿನ ತಪ್ಪದೆ ಒರೆಸಿ.

ನೆನಪಿಡಿ: ಬಿಗಿ ಇದ್ದರೆ ಚೆನ್ನಾಗಿದೆ ಎಂದಲ್ಲ. ಅಳೆದರೆ ಮಾತ್ರ ಗೊತ್ತು.

ಲೆಕ್ಕ ಮಾಡಿ
1. ಹೊಸ ಚೈನಿನಲ್ಲಿ 20 ಅಂತರ ಅಳೆದರೆ ಎಷ್ಟು ಇಂಚು ಬರಬೇಕು?
2. ಚೈನ್‌ವೀಲಿಗೆ 44, ಫ್ರೀವೀಲಿಗೆ 18 ಹಲ್ಲು. ಪೆಡಲ್ 9 ಸುತ್ತು ತಿರುಗಿದರೆ ಫ್ರೀವೀಲು ಎಷ್ಟು ಸುತ್ತು?

ಶನಿವಾರ ಶಾಲೆ ಬಿಟ್ಟ ಮೇಲೆ ಬೇವಿನ ಮರದ ಕೆಳಗೆ ನಾನು ಟೇಪು ತಂದಿರುತ್ತೇನೆ. ಹೈಸ್ಕೂಲಿಗೆ ಸೈಕಲ್ಲಿನಲ್ಲಿ ಹೋಗುವವರು ನಿಮ್ಮ ಸೈಕಲ್ ತನ್ನಿ, ಜೂನ್ ಬರುವ ಮೊದಲೇ ಎಲ್ಲವನ್ನೂ ಅಳೆದುಬಿಡೋಣ.

– 7ನೇ ತರಗತಿಯ ವಿದ್ಯಾರ್ಥಿ