ಪಾರ್ಶ್ವವಾಯು: ನರಕೋಶಗಳ ಸಾವಿನಲ್ಲಿ ಕಿಣ್ವಗಳ ಪಾತ್ರ

ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇ. 2, ಆಮ್ಲಜನಕದ ಬಳಕೆಯಲ್ಲಿ ಸುಮಾರು ಶೇ. 20. ರಕ್ತನಾಳ ಮುಚ್ಚಿಕೊಂಡರೆ ಕೆಲವೇ ನಿಮಿಷಗಳಲ್ಲಿ ಕೋಶದ ಶಕ್ತಿಮೂಲವಾದ ಎಟಿಪಿ ಬರಿದಾಗುತ್ತದೆ. ಆಗ ನರಸಂದೇಶವಾಹಕ ಗ್ಲುಟಮೇಟ್ ಮಿತಿಮೀರಿ ಹೊರಬಿದ್ದು, ಎನ್‌ಎಂಡಿಎ ಗ್ರಾಹಕಗಳ ಮೂಲಕ ಕ್ಯಾಲ್ಸಿಯಂ ಕೋಶದೊಳಗೆ ನುಗ್ಗುತ್ತದೆ.

ಗಮನವಿಟ್ಟು ಓದಬೇಕಾದ ಘಟ್ಟ ಇದು. ಕ್ಯಾಲ್ಸಿಯಂ ಹಾನಿ ಮಾಡುವುದು ಬಹುಪಾಲು ಕಿಣ್ವಗಳನ್ನು ಕೆರಳಿಸಿಯೇ. ಕ್ಯಾಲ್ಪೈನ್ ಕೋಶದ ಆಧಾರ ಪ್ರೋಟೀನ್‌ಗಳನ್ನು ತುಂಡರಿಸುತ್ತದೆ. ನೈಟ್ರಿಕ್ ಆಕ್ಸೈಡ್ ಸಿಂಥೇಸ್ ಕಿಣ್ವವನ್ನು ಪಿಎಸ್‌ಡಿ-95 ಎಂಬ ಪ್ರೋಟೀನ್ ಗ್ರಾಹಕದ ಪಕ್ಕದಲ್ಲೇ ಹಿಡಿದಿಟ್ಟಿರುವುದರಿಂದ, ಕ್ಯಾಲ್ಸಿಯಂ ಬಂದೊಡನೆ ಅದು ಚುರುಕಾಗುತ್ತದೆ. ಹೀಗೆ ಹುಟ್ಟಿದ ನೈಟ್ರಿಕ್ ಆಕ್ಸೈಡ್ ಸೂಪರಾಕ್ಸೈಡ್ ಜೊತೆ ಸೇರಿ ಪೆರಾಕ್ಸಿನೈಟ್ರೈಟ್ ಆಗಿ ಡಿಎನ್‌ಎಯನ್ನು ಒಡೆಯುತ್ತದೆ. ಅದರ ದುರಸ್ತಿಗೆ ಬರುವ ಪಾರ್ಪ್-1 ಕಿಣ್ವ ಅತಿಯಾಗಿ ದುಡಿದು, ಶಕ್ತಿ ತಯಾರಿಕೆಗೆ ಬೇಕಾದ ಎನ್‌ಎಡಿ ದಾಸ್ತಾನನ್ನೇ ಬರಿದುಮಾಡುತ್ತದೆ. ಕಾಪಾಡಬೇಕಾದ ಕಿಣ್ವವೇ ಕೊಲ್ಲುವ ಈ ಬಗೆಗೆ ‘ಪಾರ್ಥನಾಟೋಸ್’ ಎಂದು ಹೆಸರು.

ಹಾನಿಯ ನಡುಭಾಗದ ಸುತ್ತಲಿನ ಅಂಚುವಲಯ ‘ಪೆನಂಬ್ರಾ’. ಇಲ್ಲಿ ಕ್ಯಾಸ್ಪೇಸ್-3 ಮುಂತಾದ ಕಿಣ್ವಗಳು ಗಂಟೆ, ದಿನಗಟ್ಟಲೆ ನಿಧಾನವಾಗಿ ಕೋಶಗಳನ್ನು ಸಾಯಿಸುತ್ತವೆ. ಉಳಿಸಿಕೊಳ್ಳಲು ಸಾಧ್ಯವಿರುವುದೂ ಇಲ್ಲೇ.

ಪಿಎಸ್‌ಡಿ-95 ಕೊಂಡಿಯನ್ನು ಬಿಡಿಸುವ ನೆರಿನೆಟೈಡ್ ಔಷಧದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಒಟ್ಟಾರೆ ಲಾಭ ಕಾಣಲಿಲ್ಲ. ಹೆಪ್ಪು ಕರಗಿಸಲು ಹಲವರಿಗೆ ಜೊತೆಗೆ ಕೊಡುವ ಆಲ್ಟೆಪ್ಲೇಸ್ ಸಹ ಕಿಣ್ವವೇ. ಅದು ಉಂಟುಮಾಡುವ ಪ್ಲಾಸ್ಮಿನ್ ನೆರಿನೆಟೈಡನ್ನು ಒಡೆದುಹಾಕುವುದು ಇದಕ್ಕೆ ಒಂದು ಕಾರಣವಿರಬಹುದು.

ಆಲ್ಟೆಪ್ಲೇಸನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮುಖ ಸೊಟ್ಟಗಾದರೆ, ಕೈ ಸೋತರೆ ಅಥವಾ ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.