ಮಣ್ಣಲ್ಲಿ ಹೂತ ಬ್ಯಾಟರಿ: ಕರೆಂಟ್ ಬರೋದು ಎಲ್ಲಿಂದ?

ಒಂದು ತಾಮ್ರದ ತಗಡು, ಒಂದು ಜಿಂಕ್ ತಗಡು. ಎರಡನ್ನೂ ಒದ್ದೆ ಮಣ್ಣಲ್ಲಿ ಒಂದಡಿ ದೂರದಲ್ಲಿ ಹೂತು ಮಲ್ಟಿಮೀಟರ್ ಹಿಡಿದರೆ ಸುಮಾರು 0.8 ವೋಲ್ಟ್ ತೋರಿಸುತ್ತೆ. ಇದಕ್ಕೆ ಅರ್ಥ್ ಬ್ಯಾಟರಿ ಅಂತ ಹೆಸರು. ಮನೆಯಲ್ಲೇ ಇದನ್ನು ಮಾಡಿ ಹಿತ್ತಲಲ್ಲಿ ಹೂಳುವ ಹವ್ಯಾಸಿಗಳು ಬೇರೆ ಬೇರೆ ದೇಶಗಳಲ್ಲಿದ್ದಾರೆ. "ಭೂಮಿಯಿಂದ ಫ್ರೀ ಎನರ್ಜಿ" ಅನ್ನೋದು ಅವರಲ್ಲಿ ಕೆಲವರ ನಂಬಿಕೆ. ವೋಲ್ಟೇಜ್ ನಿಜ, ಆದರೆ ಫ್ರೀ ಅನ್ನೋದನ್ನು ನಾವು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು.

ಐಡಿಯಾ ಹೊಸದೇನಲ್ಲ. 1840ರ ದಶಕದಲ್ಲೇ ಸ್ಕಾಟ್ಲೆಂಡಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಬೈನ್ ಹೀಗೆ ಲೋಹ ಹೂತು ವಿದ್ಯುತ್ ಗಡಿಯಾರ ನಡೆಸಿದ್ದ. 1898ರಲ್ಲಿ ಅಮೆರಿಕದ ಕೆಂಟಕಿಯ ನೇಥನ್ ಸ್ಟಬಲ್‌ಫೀಲ್ಡ್ ತಾಮ್ರ ಮತ್ತು ಕಬ್ಬಿಣದ ತಂತಿಗಳನ್ನು ಜೊತೆಯಾಗಿ ಸುತ್ತಿದ ಕಾಯಿಲ್‌ಗೆ ಪೇಟೆಂಟ್ ಪಡೆದ. ಹವ್ಯಾಸಿಗಳು ಇವತ್ತಿಗೂ ಅದನ್ನೇ ಸುತ್ತಿ ಹೂಳ್ತಾರೆ. ಮಜಾ ಏನಂದ್ರೆ, ಅವನ ಪೇಟೆಂಟಿನ ಹೆಸರೇ ಎಲೆಕ್ಟ್ರಿಕಲ್ ಬ್ಯಾಟರಿ. ಫ್ರೀ ಎನರ್ಜಿ ಅಂತ ಅಲ್ಲ.

ನಮ್ಮ ಫಸ್ಟ್ ಇಯರ್ ಕೆಮಿಸ್ಟ್ರಿ ಇಲ್ಲಿ ಸಾಕು. ಜಿಂಕ್ ಕರಗಿ ಎಲೆಕ್ಟ್ರಾನ್ ಬಿಡುತ್ತೆ, ತಾಮ್ರದ ಮೇಲೆ ಮಣ್ಣಿನ ತೇವದಲ್ಲಿರೋ ಆಕ್ಸಿಜನ್ ಅದನ್ನು ತಗೊಳ್ಳುತ್ತೆ. ಮಣ್ಣು ಬರೀ ಎಲೆಕ್ಟ್ರೋಲೈಟ್. ಖರ್ಚಾಗೋದು ಜಿಂಕ್. ಫ್ಯಾರಡೆ ನಿಯಮದ ಪ್ರಕಾರ ಒಂದು ಕೆಜಿ ಜಿಂಕ್ ಪೂರ್ತಿ ಕರಗಿದರೆ ಸಿಗೋದು 820 ಆಂಪಿಯರ್-ಅವರ್. 0.8 ವೋಲ್ಟ್‌ನಲ್ಲಿ ಅದು ಸುಮಾರು 650 ವ್ಯಾಟ್-ಅವರ್, ಅಂದ್ರೆ ಒಂದು ಯೂನಿಟ್ ಕರೆಂಟೂ ಆಗಲ್ಲ! ಒಂದು ಕೆಜಿ ಜಿಂಕ್‌ನ ರೇಟನ್ನೂ ಮನೆಯ ಕರೆಂಟ್ ಬಿಲ್ಲನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಮಲ್ಟಿಮೀಟರ್ ಇಲ್ಲಿ ಸುಳ್ಳು ಹೇಳಲ್ಲ, ಅರ್ಧ ಮಾತ್ರ ಹೇಳುತ್ತೆ. ಅದರ ಇನ್‌ಪುಟ್ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾ ಓಮ್, ಹಾಗಾಗಿ ಕರೆಂಟ್ ಹರಿಯೋದೇ ಇಲ್ಲ ಅನ್ನಬಹುದು. ಲೋಡ್ ಹಾಕಿದ ಕೂಡಲೇ ವೋಲ್ಟೇಜ್ ಕುಸಿಯುತ್ತೆ. ಒಳಗಿನ ರೆಸಿಸ್ಟೆನ್ಸ್ 500 ಓಮ್ ಅಂತ ಇಟ್ಕೊಳ್ಳಿ. ಗರಿಷ್ಠ ಪವರ್ ಅಂದ್ರೆ V ವರ್ಗವನ್ನು 4R ನಿಂದ ಭಾಗಿಸಿದ್ದು: 0.32 ಮಿಲಿವ್ಯಾಟ್. 5 ವ್ಯಾಟ್‌ನಲ್ಲಿ ಮೊಬೈಲ್ ಚಾರ್ಜ್ ಮಾಡೋಕೆ ಇಂಥ 15,625 ಜೋಡಿ ಬೇಕು.

"ಸೀರೀಸ್‌ನಲ್ಲಿ ಹಾಕಿದ್ರೆ?" ಅಂತ ಕೇಳಬಹುದು. ಒಂದೇ ಹಿತ್ತಲಿನ ಮಣ್ಣು ಅಂದ್ರೆ ಎಲ್ಲಾ ಸೆಲ್‌ಗೂ ಒಂದೇ ಎಲೆಕ್ಟ್ರೋಲೈಟ್. ಮಣ್ಣಿನ ಮೂಲಕವೇ ಕರೆಂಟ್ ಸೋರಿ ಹೋಗುತ್ತೆ, ವೋಲ್ಟೇಜ್ ಲೆಕ್ಕದಷ್ಟು ಏರಲ್ಲ. ಪ್ರತಿ ಜೋಡಿಗೂ ಬೇರೆ ಬೇರೆ ಬಕೆಟ್‌ನಲ್ಲಿ ಮಣ್ಣು ತುಂಬಬೇಕು. ಆಗ ಭೂಮಿಗೆ ಇದರಲ್ಲಿ ಪಾತ್ರವೇ ಇಲ್ಲ ಅನ್ನೋದು ಕಣ್ಣಿಗೇ ಕಾಣುತ್ತೆ.

ಇಲ್ಲಿವರೆಗೆ ಯಾರಿಗೂ ಅಪಾಯ ಇಲ್ಲ. ಆದರೆ ಮನೆಯ ಅರ್ಥಿಂಗ್ ವೈರನ್ನೇ ಒಂದು ಟರ್ಮಿನಲ್ ಮಾಡಿಕೊಳ್ಳೋ ಐಡಿಯಾ ಯಾರಾದ್ರೂ ಕೊಟ್ಟರೆ ದಯವಿಟ್ಟು ಬೇಡ. ಅಲ್ಲಿ ಒಂದೆರಡು ವೋಲ್ಟ್ ಎಸಿ ಕಂಡರೆ ಅದು ಭೂಮಿಯದ್ದಲ್ಲ, ಲೈನಿನ ಲೀಕೇಜ್. ಎಲ್ಲೋ ಫೇಸ್ ತಾಗಿ ಅರ್ಥಿಂಗ್ ಸರಿಯಿಲ್ಲದಿದ್ದರೆ ನೀವು ಹಿಡಿದ ವೈರಿಗೇ 230 ವೋಲ್ಟ್ ಬರಬಹುದು. ರಾಡ್ ಸುತ್ತಲಿನ ಒದ್ದೆ ನೆಲದಲ್ಲೂ ಹೆಜ್ಜೆಯಿಂದ ಹೆಜ್ಜೆಗೆ ವೋಲ್ಟೇಜ್ ಬದಲಾಗುತ್ತೆ. ದನದ ಮುಂಗಾಲಿಗೂ ಹಿಂಗಾಲಿಗೂ ದೂರ ಜಾಸ್ತಿ, ಅದಕ್ಕೇ ಮೊದಲು ಸಾಯೋದು ಅದು.

ಹಾಗಂತ ಹೂಳೋದೇ ದಂಡ ಅಂತಲ್ಲ. 2008ರಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧಕರು ಹವಾಮಾನ ಅಳೆಯೋ ಒಂದು ತೇಲುಬುರುಡೆಯನ್ನು ನೀರಡಿಯ ಕೆಸರಿನ ಬ್ಯಾಕ್ಟೀರಿಯಾದಿಂದ ಬರೋ ಕೆಲವು ಹತ್ತು ಮಿಲಿವ್ಯಾಟ್‌ನಲ್ಲೇ ನಡೆಸಿದ ವರದಿ ಪ್ರಕಟಿಸಿದರು. ಅಲ್ಲಿ ಕರಗೋದು ಲೋಹ ಅಲ್ಲ, ಕೆಸರಿನ ಸಾವಯವ ವಸ್ತು. ಇನ್ನು ಲೋಹ ಕರಗಲಿ ಅಂತಲೇ ಹೂಳುವವರೂ ಇದ್ದಾರೆ: ಪೈಪ್‌ಲೈನ್‌ಗೆ ತುಕ್ಕು ಹಿಡಿಯಬಾರದು ಅಂತ ಪಕ್ಕದಲ್ಲಿ ಮೆಗ್ನೀಸಿಯಂ ತುಂಡು ಹೂತು ವೈರ್ ಜೋಡಿಸ್ತಾರೆ. ಅದೂ ಅರ್ಥ್ ಬ್ಯಾಟರಿಯೇ. ಹಾಸ್ಟೆಲ್ ಗೀಸರ್ ಸರ್ವಿಸ್ ಮಾಡೋಕೆ ಬಂದಾಗ ಒಳಗಿನ ಮೆಗ್ನೀಸಿಯಂ ರಾಡ್ ತೋರಿಸಿ ಅಂತ ಕೇಳಿ, ಅರ್ಧ ಸವೆದು ಹೋಗಿರುತ್ತೆ.