ಗರ್ಭಿಣಿಯರ ಮಲಬದ್ಧತೆ ಮತ್ತು ಆಹಾರದ ನಾರು

ಗರ್ಭಿಣಿಯ ಆರೈಕೆಯ ಮಾತು ಬಂದಾಗ ವಾಂತಿ, ಬಯಕೆ, ಸೀಮಂತಗಳ ಕುರಿತು ಎಷ್ಟಾದರೂ ಮಾತನಾಡುತ್ತೇವೆ. ಮಲಬದ್ಧತೆಯ ಕುರಿತು ಮಾತ್ರ ಮನೆಯೊಳಗೂ ಬಾಯಿ ತೆರೆಯಲು ಸಂಕೋಚ. ಅದೊಂದು ಕ್ಷುಲ್ಲಕ ತೊಂದರೆ, ಹೆರಿಗೆಯಾದ ಮೇಲೆ ತಾನಾಗಿ ಸರಿಹೋಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ಇದೇ ತೊಂದರೆಗೆ ಬೇಸತ್ತು ಕೆಲವು ಬಸುರಿಯರು ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನೇ ನಡುವೆ ನಿಲ್ಲಿಸಿಬಿಡುತ್ತಾರೆ. ಆಗ ಅದು ಕ್ಷುಲ್ಲಕವಾಗಿ ಉಳಿಯುವುದಿಲ್ಲ.

ಬಸುರಿಯರ ರಕ್ತಹೀನತೆಗೂ ನಮ್ಮ ಮುಂಬಯಿಗೂ ಹಳೆಯ ನಂಟಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಇಲ್ಲಿಗೆ ಬಂದು, ಪರೇಲಿನ ಹಾಫ್ಕಿನ್ ಸಂಸ್ಥೆಯಲ್ಲಿದ್ದುಕೊಂಡು, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಗರ್ಭಿಣಿಯರನ್ನು ಕಾಡುತ್ತಿದ್ದ ತೀವ್ರ ರಕ್ತಹೀನತೆಯ ಕಾರಣವನ್ನು ಹುಡುಕತೊಡಗಿದರು. ಅದರ ಮೂಲ ಊಟದ ಕೊರತೆಯಲ್ಲಿದೆಯೆಂದು ಕಂಡುಕೊಂಡು, ಯೀಸ್ಟಿನ ಸಾರವನ್ನು ಕೊಟ್ಟು ರೋಗಿಗಳನ್ನು ಗುಣಪಡಿಸಿ, 1931ರಲ್ಲಿ ಆ ವಿವರಗಳನ್ನು ಪ್ರಕಟಿಸಿದರು. ಆ ಸಾರದಲ್ಲಿದ್ದ ಉಪಕಾರಿ ವಸ್ತುವೇ 1941ರಲ್ಲಿ ಸೊಪ್ಪಿನ ಎಲೆಗಳಿಂದ ಬೇರ್ಪಡಿಸಲ್ಪಟ್ಟ ಫೋಲಿಕ್ ಆಮ್ಲ. ಎಲೆ ಎಂಬರ್ಥದ ಲ್ಯಾಟಿನ್ ಪದದಿಂದಲೇ ಅದಕ್ಕೆ ಆ ಹೆಸರು ಬಂದಿತು.

ಇಂದು ಸರಕಾರದ ಕಾರ್ಯಕ್ರಮದಲ್ಲಿ ಗರ್ಭಿಣಿಗೆ ದಿನಕ್ಕೊಂದರಂತೆ 180 ದಿನ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದೊಡನೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಗರ್ಭಿಣಿಯರಲ್ಲಿ ಶೇಕಡಾ 52 ಮಂದಿಗೆ ರಕ್ತಹೀನತೆಯಿತ್ತು. 180 ದಿನ ಮಾತ್ರೆ ಸೇವಿಸಿದ ತಾಯಂದಿರು ಶೇಕಡಾ 26 ಮಾತ್ರ. ಉಳಿದವರೆಲ್ಲರೂ ಮಲಬದ್ಧತೆಯಿಂದಲೇ ಬಿಟ್ಟರೆಂದಲ್ಲ, ಕಾರಣಗಳು ಹಲವು. ಆದರೆ ಈ ಒಂದು ಕಾರಣವನ್ನು ಬಹುಮಟ್ಟಿಗೆ ಅಡಿಗೆಮನೆಯಲ್ಲೇ ನಿವಾರಿಸಬಹುದು.

ಗರ್ಭ ಧರಿಸಿದಾಗ ದೇಹದಲ್ಲಿ ಹೆಚ್ಚುವ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಕರುಳಿನ ಸ್ನಾಯುಗಳನ್ನು ಸಡಿಲಿಸುತ್ತದೆ. ಅದರಿಂದ ಆಹಾರ ನಿಧಾನವಾಗಿ ಸಾಗಿ, ಅದರೊಳಗಿನ ನೀರು ಹೀರಲ್ಪಟ್ಟು, ಮಲ ಗಟ್ಟಿಯಾಗುತ್ತದೆ. ಬೆಳೆಯುವ ಗರ್ಭಕೋಶದ ಒತ್ತಡ, ಕಬ್ಬಿಣದ ಮಾತ್ರೆ ಇವೆರಡೂ ಅದಕ್ಕೆ ಕೂಡಿಕೊಳ್ಳುತ್ತವೆ. ಮುಕ್ಕಿದರೆ ಮೂಲವ್ಯಾಧಿ ತಪ್ಪಿದ್ದಲ್ಲ.

ನಾರು ಮನುಷ್ಯನಿಗೆ ಜೀರ್ಣವಾಗದ ವಸ್ತು. ಅದರ ಉಪಯೋಗವಿರುವುದೂ ಅಲ್ಲಿಯೇ. ಒಂದು ಪಾಲು ನೀರನ್ನು ಹಿಡಿದಿಟ್ಟು ಮಲವನ್ನು ಮೃದುಗೊಳಿಸುತ್ತದೆ. ಇನ್ನೊಂದು ಪಾಲು ದೊಡ್ಡ ಕರುಳಿನಲ್ಲಿ ನೆಲೆಸಿರುವ ಕೋಟಿ ಕೋಟಿ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಅವು ನಾರನ್ನು ಹುದುಗಿಸಿ ಬ್ಯುಟಿರೇಟ್ ಮೊದಲಾದ ಆಮ್ಲಗಳನ್ನು ತಯಾರಿಸುತ್ತವೆ. ಕರುಳಿನ ಒಳಪದರದ ಜೀವಕೋಶಗಳು ಅವುಗಳಿಂದಲೇ ಬಲ ಪಡೆಯುತ್ತವೆ. ಫಿನ್ಲೆಂಡಿನ 91 ಗರ್ಭಿಣಿಯರನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಮೂರು ತಿಂಗಳಿಗೂ ಕೊನೆಯ ಮೂರು ತಿಂಗಳಿಗೂ ನಡುವೆ ಈ ಜೀವಿಗಳ ಸಮೂಹವೇ ಬಹಳ ಬದಲಾಗಿದ್ದುದು ಕಂಡುಬಂದಿತು. ಬೇರೆ ಕೆಲವು ಅಧ್ಯಯನಗಳಲ್ಲಿ ಅಷ್ಟು ಬದಲಾವಣೆ ಕಂಡಿಲ್ಲವಾದ ಕಾರಣ, ಇದರಿಂದ ಈಗಲೇ ಅವಸರದ ತೀರ್ಮಾನ ಬೇಡ.

ನಮ್ಮ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2020ರ ಶಿಫಾರಸಿನಂತೆ 2000 ಕ್ಯಾಲರಿಯ ಊಟದಲ್ಲಿ ಸುಮಾರು 30 ಗ್ರಾಂ ನಾರು ಇರಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ, ಜೋಳದಲ್ಲಿ 10 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ, ಮೈದಾದಲ್ಲಿ 3 ಗ್ರಾಂ ಕೂಡ ಇಲ್ಲ. ಬಯಲುಸೀಮೆಯ ಮುದ್ದೆ, ಉತ್ತರ ಕರ್ನಾಟಕದ ರೊಟ್ಟಿ, ಕರಾವಳಿಯ ಕೆಂಪು ಕುಚ್ಚಲಕ್ಕಿಯ ಗಂಜಿ ಇವನ್ನೆಲ್ಲ ಊರಲ್ಲೇ ಬಿಟ್ಟುಬಂದು, ಇಲ್ಲಿ ಬಿಳಿ ಅನ್ನಕ್ಕೂ ಪಾವಿಗೂ ಒಗ್ಗಿಕೊಂಡ ಮನೆಗಳು ಕಡಮೆಯಿಲ್ಲ. ಮಲಾಡಿನ ಅಂಗಡಿಯಲ್ಲಿ ನಾಚಣಿ ಎಂದು ಕೇಳಿದರೆ ರಾಗಿಯನ್ನೇ ಕೊಡುತ್ತಾರೆ. ತರಕಾರಿಯವಳ ಬುಟ್ಟಿಯ ಲಾಲ್ ಮಾಠ್ ನಮ್ಮ ಕೆಂಪು ಹರಿವೆಯೇ. ಮೆಂತ್ಯಸೊಪ್ಪು, ಮೊಳಕೆ ಹೆಸರು, ಹುರುಳಿ, ಸೀಬೆಹಣ್ಣು ಇವು ದುಬಾರಿಯೂ ಅಲ್ಲ, ಅಪರೂಪವೂ ಅಲ್ಲ. ಸೊಪ್ಪು-ಕಾಳುಗಳಲ್ಲಿ ನಾರಿನ ಜೊತೆಗೆ ಲೂಸಿ ವಿಲ್ಸ್ ಹುಡುಕಿದ ಜೀವಸತ್ತ್ವವೂ ದೊರೆಯುತ್ತದೆ. ಆದರೆ ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರ ಖಂಡಿತ; ವಾರ ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುವುದು ಲೇಸು.

ಇಲ್ಲಿಯ ನಿಜವಾದ ಅಡ್ಡಿ ನೀರಿನದು. ಮಲಾಡಿನಿಂದ ಚರ್ಚ್‌ಗೇಟಿಗೆ ಸುಮಾರು ಒಂದು ಗಂಟೆಯ ಪ್ರಯಾಣ, ಲೋಕಲಿನಲ್ಲಿ ಶೌಚಾಲಯವಿಲ್ಲ. ಆದುದರಿಂದ ಕೆಲಸಕ್ಕೆ ಹೋಗುವ ಹೆಂಗಸರು ಬೆಳಗಿನಿಂದಲೇ ನೀರು ಕುಡಿಯುವುದನ್ನು ಕಡಮೆ ಮಾಡುವುದುಂಟು. ನೀರಿಲ್ಲದೆ ನಾರನ್ನಷ್ಟೇ ತಿಂದರೆ ಮಲ ಇನ್ನಷ್ಟು ಗಟ್ಟಿಯಾಗುತ್ತದೆ! ಕಚೇರಿ ಸೇರಿದೊಡನೆ ಎರಡು ಲೋಟ, ಮಧ್ಯಾಹ್ನ ಊಟದ ಜೊತೆ ಮಜ್ಜಿಗೆ, ಮನೆಗೆ ಮರಳಿದ ಮೇಲೆ ಮತ್ತೆ ಎರಡು ಲೋಟ ಹೀಗೆ ಹಂಚಿಕೊಳ್ಳಬಹುದು. ಗರ್ಭಿಣಿ ಸಹೋದ್ಯೋಗಿಯು ಮೇಜಿನಿಂದ ಪದೇ ಪದೇ ಎದ್ದು ಹೋದರೆ ಹುಬ್ಬೇರಿಸದಿರುವುದು ನಮ್ಮಂಥ ಅಧಿಕಾರಿಗಳ ಪಾಲಿನ ಕರ್ತವ್ಯ.

ಕಬ್ಬಿಣದ ಮಾತ್ರೆಯನ್ನು ಚಹಾ ಅಥವಾ ಗೋಧಿ ತೌಡಿನೊಡನೆ ಸೇವಿಸಬಾರದು. ಅವು ಕಬ್ಬಿಣ ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ. ನಿಂಬೆಯ ಪಾನಕದೊಡನೆ ಸೇವಿಸಿದರೆ ಒಳ್ಳೆಯದು. ಹರಳೆಣ್ಣೆ, ಸೋನಾಮುಖಿ ಮುಂತಾದ ಭೇದಿಯ ಔಷಧಗಳನ್ನು ಹಿರಿಯರ ಸಲಹೆಯ ಮೇರೆಗೆ ಗರ್ಭಿಣಿ ಸೇವಿಸುವುದು ಅಪಾಯಕಾರಿ. ಇಸಬ್ಗೋಲನ್ನೂ ವೈದ್ಯರನ್ನು ಕೇಳಿಯೇ, ಸಾಕಷ್ಟು ನೀರಿನೊಡನೆ ತೆಗೆದುಕೊಳ್ಳಬೇಕು. ಮಾತ್ರೆಯಿಂದ ಮಲ ಕಪ್ಪಾದರೆ ಗಾಬರಿಪಡಬೇಕಾಗಿಲ್ಲ. ಕೆಂಪು ರಕ್ತ ಕಂಡರೆ, ತೀವ್ರ ಹೊಟ್ಟೆನೋವು ಬಂದರೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಮಾತ್ರೆ ಒಗ್ಗದಿದ್ದರೆ ಅದನ್ನೂ ಅವರಿಗೇ ತಿಳಿಸಿ. ಪ್ರಮಾಣವನ್ನೋ ಮಾತ್ರೆಯ ಬಗೆಯನ್ನೋ ಬದಲಿಸಿ ಕೊಡುತ್ತಾರೆ.